ಸಣ್ಣವ್ವನ ರೆಪ್ಪೆಯ ಗುಳ್ಳೆ

ನಮ್ಮ ಅವ್ವನ ತಂಗಿ, ಆದೋನಿಯ ಸಣ್ಣವ್ವನಿಗೆ ಎಡಗಣ್ಣಿನ ಮೇಲಿನ ರೆಪ್ಪೆಯಲ್ಲಿ ಒಂದು ಗುಳ್ಳೆ ಎದ್ದಿತ್ತು. ನೋವಿಲ್ಲ, ಕೀವಿಲ್ಲ. ಊರಿನ ಡಾಕ್ಟರು ಕೊಯ್ದು ತೆಗೆದರು. ಕೆಲವು ತಿಂಗಳಲ್ಲೇ ಅದೇ ಜಾಗದಲ್ಲಿ ಮತ್ತೆ ಬಂತು. ಮತ್ತೆ ಕೊಯ್ದರು.

ನಾನಾಗ ಕರ್ನೂಲಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿ ಡಾಕ್ಟರಾಗಿದ್ದೆ. ಸಂಕ್ರಾಂತಿಗೆ ಹೋದಾಗ ಸಣ್ಣವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಸಲು ಬಗ್ಗಿದಳು. ರೆಪ್ಪೆಯ ಅಂಚು ಹಳದಿಯಾಗಿ ದಪ್ಪಗಾಗಿತ್ತು. ಅಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ತಟ್ಟೆ ಸರಿಸಿ ಆಕೆಯ ಮುಖವನ್ನು ಬೆಳಕಿಗೆ ತಿರುಗಿಸಿದೆ.

"ಮತ್ತ ಬಂತೇನು?"

"ಬಂತವ್ವಾ. ಡಾಕ್ಟರು 'ಏಂ ಕಾದಮ್ಮಾ', ಏನೂ ಆಗಂಗಿಲ್ಲ ಅಂದಾರ. ಮೈಯಾಗ ಉಷ್ಣ ಐತಿ, ಅಷ್ಟ."

"ಈ ಸಲ ಕೊಯ್ದದ್ದನ್ನ ಒಗಿಬ್ಯಾಡ್ರಿ ಅಂತ ಹೇಳು. ನನಗ ಕಳಸು."

ಆಕೆ ನನ್ನ ಮುಖ ನೋಡಿದಳು. ಮುಂದಿನ ಸಲ ಕೊಯ್ದ ತುಣುಕನ್ನು ಸೀಸೆಯಲ್ಲಿ ಹಾಕಿಸಿ ಕಳಿಸಿದಳು.

ರೆಪ್ಪೆಯೊಳಗೆ ಎಣ್ಣೆಯ ಗ್ರಂಥಿಗಳಿವೆ. ಅಲ್ಲಿನ ಜೀವಕೋಶ ಬೆಳೆಯುತ್ತ ಎಣ್ಣೆ ತುಂಬಿಕೊಂಡು, ಕೊನೆಗೆ ಒಡೆದು ಸಾಯುತ್ತದೆ. ಅದೇ ಅದರ ಕೆಲಸ. ಸಣ್ಣವ್ವನ ತುಣುಕಿನಲ್ಲಿ ಕಂಡ ಕೋಶಗಳು ಸಾಯದೆ ಒಂದರ ಮೇಲೊಂದು ಹೆಚ್ಚುತ್ತಿದ್ದವು. ಯಾವ ಜಾತಿಯ ಕೋಶಗಳೆಂದು ಮಾತ್ರ ತಿಳಿಯಲಿಲ್ಲ. ಸ್ಲೈಡ್ ಮಾಡುವಾಗ ಎಣ್ಣೆ ಕರಗಿ ಹೋಗಿ ಖಾಲಿ ಗುಳಿಗಳಷ್ಟೇ ಉಳಿಯುತ್ತವೆ.

"ಅಡಿಪೋಫಿಲಿನ್ ಹಾಕಿ ನೋಡಮ್ಮ," ಎಂದರು ನಮ್ಮ ಹಿರಿಯ ಡಾಕ್ಟರು.

ಎಣ್ಣೆಹನಿಯ ಸುತ್ತ ಪೊರೆಯಂತೆ ಇರುವ ಪ್ರೋಟೀನು ಅದು. ಎಣ್ಣೆ ಹೋದರೂ ಅದು ಉಳಿಯುತ್ತದೆ. ಅದನ್ನು ಗುರುತಿಸುವ ಬಣ್ಣ ಹಾಕಿದರೆ, ಅದು ಇರುವಲ್ಲಿ ಕಂದುಬಣ್ಣ ಕಾಣುತ್ತದೆ. ಮರುದಿನ ಸೂಕ್ಷ್ಮದರ್ಶಕದಡಿ ಸ್ಲೈಡ್ ಇಟ್ಟು ಕಣ್ಣು ಹಚ್ಚಿದೆ. ಪ್ರತಿಯೊಂದು ಗುಳಿಯ ಸುತ್ತ ಕಂದು ಉಂಗುರ. ತುಣುಕಿನ ಅಂಚಿನವರೆಗೂ ಅದೇ. ಎಂದರೆ ಕೊಯ್ದ ಗೆರೆಯಾಚೆಗೂ, ಆಕೆಯ ರೆಪ್ಪೆಯೊಳಗೆ, ಅದು ಉಳಿದಿತ್ತು. ಎಣ್ಣೆಗ್ರಂಥಿಯ ಕ್ಯಾನ್ಸರ್.

ಫೋನಿನಲ್ಲಿ ಹೇಳಲಾಗದೆ ಬಸ್ಸು ಹತ್ತಿದೆ. ಸಣ್ಣವ್ವ ಪೂರ್ತಿ ಕೇಳಿಸಿಕೊಂಡಳು.

"ಕಣ್ಣು ಹೋಗತೈತೇನು?"

"ರೆಪ್ಪಿ ತಗೀತಾರ. ಕಣ್ಣು ಉಳಸ್ತಾರ."

ಹೈದರಾಬಾದಿನಲ್ಲಿ ಹಾಗೆಯೇ ಆಯಿತು. ಕೆಳರೆಪ್ಪೆಯಿಂದ ಚರ್ಮ ತಂದು ಮೇಲಿನದನ್ನು ಕಟ್ಟಿದರು. ಕಣ್ಣು ಉಳಿಯಿತು. ಮನೆಯವರೆಲ್ಲ ಮಂತ್ರಾಲಯಕ್ಕೆ ಹೋಗಿ ಬಂದರು. ನಾನು ಹೋಗಲಿಲ್ಲ, ಯಾಕೋ ಇನ್ನೂ ಮುಗಿದಿಲ್ಲ ಅನ್ನಿಸುತ್ತಿತ್ತು.

ಮಳೆಗಾಲದಲ್ಲಿ ಒಮ್ಮೆ ಸಣ್ಣವ್ವ ಮಾತಿನ ನಡುವೆ ಸೆರಗು ಸರಿಸಿ, ನನ್ನ ಬೆರಳು ಹಿಡಿದು ಕಿವಿಯ ಮುಂದೆ ಇಟ್ಟಳು.

"ಇಲ್ಲಿ ಕಡ್ಲಿಕಾಳಿನಷ್ಟು ಏನೋ ಐತಿ, ನೋಡು."

ಇತ್ತು. ಗಟ್ಟಿಯಾಗಿತ್ತು. ಒತ್ತಿದರೆ ಜರುಗಲಿಲ್ಲ.

"ನಿನ್ನ ಕೈ ಯಾಕ ತಣ್ಣಗಾತು?" ಎಂದಳು.

ಸೂಜಿ ಪರೀಕ್ಷೆಯಲ್ಲಿ ನನ್ನ ಭಯವೇ ನಿಜವಾಯಿತು, ಕ್ಯಾನ್ಸರ್ ಕಿವಿಯ ಮುಂದಿನ ದುಗ್ಧಗ್ರಂಥಿಗೆ ಹರಡಿತ್ತು. ಈಗ ರೇಡಿಯೇಶನ್ ನಡೆದಿದೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಬಾಯಿ ಒಣಗಿ ಊಟ ಸೇರುತ್ತಿಲ್ಲ ಎಂದಳು. ಧ್ವನಿ ಬಹಳ ಸಣ್ಣಗಾಗಿತ್ತು.