ಅರ್ಧ ಬಟ್ಟಲು ಚಹಾ

ಬುರುಲ್ಕಾನ್ ಅಂಗಳದಲ್ಲಿ ನಿಂತು ಕೂಗಿದರೆ ಹೊಳೆಯಾಚೆ ಮೇಯುವ ಕುದುರೆಗಳು ಕಿವಿ ನಿಮಿರಿಸುತ್ತಿದ್ದವು. ಅತ್‌ಬಾಶಿ ಊರಿನಲ್ಲಿ ಅಂಥ ಗಂಟಲು ಇನ್ನೊಬ್ಬರಿಗಿರಲಿಲ್ಲ. ಗಂಡ ಕಚ್ಕಿನ್‌ಬಾಯ್‌ಗೆ ಮಾತು ಕಡಿಮೆ. ಮಾತಾಡುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಅವಳದು ಕಂಬಳಿ ಕೊಯ್ಯುವ ಕೆಲಸ. ಉಣ್ಣೆ ತುಳಿದು ಮಾಡಿದ ಕೆಂಪು ಕಂಬಳಿಯ ಮೇಲೆ ಕಪ್ಪು ಕಂಬಳಿ ಹಾಸಿ, ಟಗರಿನ ಕೊಂಬಿನ ಚಿತ್ತಾರವನ್ನು ಎರಡಕ್ಕೂ ಸೇರಿಸಿ ಕೊಯ್ಯಬೇಕು. ಕೆಂಪಿನ ಕೊಂಬು ಕಪ್ಪಿನೊಳಗೆ ಕೂರಬೇಕು, ಕಪ್ಪಿನದು ಕೆಂಪಿನೊಳಗೆ. ಬೇರೆ ಹೆಂಗಸರು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದರು. ಇವಳು ಮೊಣಕಾಲೂರಿ ಕೂತು, ಊರಿನ ಸುದ್ದಿಯೆಲ್ಲ ಹೇಳುತ್ತಾ, ಚಾಕು ಎಳೆದುಕೊಂಡು ಹೋಗುತ್ತಿದ್ದಳು.

ಅಕ್ಕ ತೀರಿಹೋದ ಮೇಲೆ ಅವಳಿಗೆ ಎದೆ ಹೊಡೆದುಕೊಳ್ಳುವುದು ಶುರುವಾಯಿತು, ನಿದ್ದೆ ಬಾರದಾಯಿತು. ಊರಿನ ನರ್ಸಮ್ಮ ಒಂದು ಸಣ್ಣ ಸೀಸೆ ಕೊಟ್ಟಳು. ಪುದೀನ ವಾಸನೆಯ ಹನಿ ಮದ್ದು. ಆ ಕಡೆ ಎಲ್ಲ ಮುದುಕಿಯರ ದಿಂಬಿನ ಕೆಳಗೂ ಇರುವಂಥದ್ದೇ. ಬೆಳಿಗ್ಗೆ ಸಂಜೆ ಚಹಾ ಕೊಡುವಾಗ ಅತ್ತೆಯ ಬಟ್ಟಲಿಗೆ ಇಷ್ಟು ಹನಿ ಹಾಕು ಎಂದು ಸೊಸೆ ಜಿಪಾರ್‌ಗೆ ಹೇಳಿ ಹೋದಳು. ಜಿಪಾರ್ ಆ ಮನೆಗೆ ಹೊಸಬಳು. ತಲೆವಸ್ತ್ರ ಸರಿಮಾಡಿಕೊಂಡು ಆಗಲಿ ಎಂದಳು. ಮಗ ಲಾರಿ ಓಡಿಸುವವನು. ಅಮ್ಮನ ಮದ್ದು ಮುಗಿಯಬಾರದೆಂದು ಪೇಟೆಯಿಂದ ಒಂದು ಡಬ್ಬಿ ತುಂಬ ಸೀಸೆ ತಂದಿಟ್ಟ.

ಮೊದಮೊದಲು ಒಳ್ಳೆಯದೇ ಆಯಿತು. ಅವಳು ಮಲಗಿದಳು. ಆಮೇಲೆ ಹಗಲಲ್ಲೂ ಮಲಗಿದಳು. ನಡೆದರೆ ತೂರಾಡುತ್ತಿದ್ದಳು, ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು. ಒಂದು ದಿನ ಕೊಯ್ದ ಕಂಬಳಿ ಬಿಡಿಸಿ ನೋಡಿದರೆ ಕೊಂಬುಗಳೆಲ್ಲ ಒಂದೇ ಕಡೆ ತಿರುಗಿದ್ದವು, ಯಾವುದೂ ಯಾವುದರೊಳಗೂ ಕೂರಲಿಲ್ಲ. ಅವಳು ಅದನ್ನು ನೋಡುತ್ತಾ ಕೂತಳು. ಯಾರು ಕೊಯ್ದದ್ದು ಎಂದು ಕೇಳಿದಳು.

ಅದರ ಜೊತೆಗೆ ಹೊಟ್ಟೆಯೂ ಕೆಟ್ಟಿತು. ಉಬ್ಬಿ ತಮಟೆಯಂತಾಯಿತು. ಹೊರಕಡೆಗೆ ಹೋಗಿ ಕೂತು, ಏನೂ ಆಗದೆ ವಾಪಸು ಬರುತ್ತಿದ್ದಳು. ನೆರೆಯವರು ಕುರಿಬಾಲದ ಕೊಬ್ಬು ಕರಗಿಸಿ ಕುಡಿಸಿದರು, ಹುಳಿ ಮೊಸರು ಕುಡಿಸಿದರು. ತಲೆಗೆ ವಯಸ್ಸಾಯಿತು, ಹೊಟ್ಟೆಗೆ ಥಂಡಿ ಹಿಡಿಯಿತು ಎಂದು ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದರು. ಇನ್ನು ಅವಳ ಕೈಗೆ ಚಾಕು ಕೊಡಬೇಡ ಎಂದರು. ಕಚ್ಕಿನ್‌ಬಾಯ್ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಜೀನಿನ ಚೀಲದಲ್ಲಿಟ್ಟುಕೊಂಡ. ಅವಳು ಕೇಳಲಿಲ್ಲ. ಕೇಳದೇ ಇದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ಮನೆ ಪೂರಾ ಸದ್ದಿಲ್ಲದಂತಾಗಿತ್ತು.

ಒಂದು ಬೆಳಿಗ್ಗೆ ಅವಳು ಚಹಾದ ಬಟ್ಟಲು ಮುಂದಿಟ್ಟುಕೊಂಡೇ ನಿದ್ದೆಹೋದಳು. ದಂಡವಾಗುತ್ತದಲ್ಲ ಎಂದು ಅವನು ಅವಳ ಬಟ್ಟಲನ್ನೂ ಕುಡಿದ. ಜಿಪಾರ್ ಬೆನ್ನು ತಿರುಗಿಸಿ ಹಿಟ್ಟು ನಾದುತ್ತಿದ್ದಳು. ಖಾಲಿ ಬಟ್ಟಲು ಕಂಡಾಗಲೆಲ್ಲ ಮತ್ತೆ ಚಹಾ ಹಾಕಿ ಅತ್ತೆಯ ಮುಂದಿಟ್ಟಳು. ಅವನು ಕುಡಿಯುತ್ತಲೇ ಹೋದ. ಆಮೇಲೆ ಹೆಣ್ಣುಕುದುರೆ ಹತ್ತಿ ಮಂದೆಯ ಕಡೆ ಹೊರಟ.

ಕಣ್ಣು ಬಿಟ್ಟಾಗ ಕುದುರೆ ಯಾವುದೋ ಬೇಲಿಯ ಮುಂದೆ ನಿಂತಿತ್ತು. ಅದನ್ನು ಅವನಿಗೆ ಮಾರಿದ್ದ ಶಾಮುರ್ಜಾನ ಮನೆ ಅದು. ಶಾಮುರ್ಜಾ ಬೇಲಿಯ ಮೇಲೆ ಮೊಣಕೈಯೂರಿ ನೋಡುತ್ತಿದ್ದ.

"ಏನಣ್ಣಾ, ಕುದುರೆ ಹಿಡಿಸ್ಲಿಲ್ವಾ? ವಾಪಸ್ ಕೊಡೋಕ್ ಬಂದ್ಯಾ? ಗೊರಕೆ ಹೊಡ್ಕೊಂಡ್ ಬಂದಿದೀಯ."

ಕಚ್ಕಿನ್‌ಬಾಯ್ ಹೆಂಡ ಮುಟ್ಟಿದವನಲ್ಲ. ಉತ್ತರ ಕೊಡಲು ನೋಡಿದ, ನಾಲಿಗೆ ಏಳಲಿಲ್ಲ. ಬಾಯಲ್ಲಿ ಪುದೀನ ವಾಸನೆ ಇತ್ತು. ತನ್ನ ತೊದಲನ್ನು ತಾನೇ ಕೇಳಿದಾಗ ಅವನಿಗೆ ಹೆಂಡತಿಯ ದನಿ ಕೇಳಿದಂತಾಯಿತು.

ಮರುದಿನ ಅವನು ಸೊಸೆಯ ಕೈ ನೋಡುತ್ತಾ ಕೂತ. ಮರ್ಯಾದೆ ಗೊತ್ತಿರುವ ಸೊಸೆ ಬಟ್ಟಲು ತುಂಬಿಸುವುದಿಲ್ಲ. ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದಂತೆ. ಅರ್ಧವೋ ಅದಕ್ಕೂ ಕಡಿಮೆಯೋ ಹಾಕಿ, ಮತ್ತೆ ಮತ್ತೆ ಇಸಿದುಕೊಂಡು, ಮತ್ತೆ ಮತ್ತೆ ಕೊಡಬೇಕು. ಜಿಪಾರ್ ಹಾಗೇ ಮಾಡುತ್ತಿದ್ದಳು. ಪ್ರತಿ ಸಲವೂ ಸೀಸೆ ಬಗ್ಗಿಸುತ್ತಿದ್ದಳು.

"ಪ್ರತಿ ಸಲ ಹಾಕ್ತೀಯೇನಮ್ಮಾ?" ಎಂದು ಕೇಳಿದ.

"ಹ್ಞೂಂ ಮಾವ. ಬಟ್ಟಲಿಗೆ ಹಾಕು ಅಂದಿದ್ರಲ್ಲ," ಎಂದಳು. ಹೇಳುತ್ತಿದ್ದ ಹಾಗೇ ಅವಳ ಮುಖ ಬಿಳಿಚಿಕೊಂಡಿತು.

ಅವನು ಸೀಸೆ ಜೇಬಿಗೆ ಹಾಕಿಕೊಂಡು ಹೆಂಡತಿಯನ್ನು ನರಿನ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಕೇಳಿದಾಗ, ನಾವು ಜಾಸ್ತಿ ಹಾಕಿಬಿಟ್ಟೆವು ಎಂದ. ಸೊಸೆ ಎಂದು ಹೇಳಲಿಲ್ಲ.

ಡಾಕ್ಟರಮ್ಮ ಬುರುಲ್ಕಾನಳ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಒಳಗೆ ಸದ್ದೇ ಇಲ್ಲ ಎಂದಳು. ಈ ಮದ್ದು ಮೈಯಿಂದ ಬೇಗ ಇಳಿಯುವುದಿಲ್ಲವಂತೆ. ನಿನ್ನೆಯದರ ಮೇಲೆ ಇವತ್ತಿನದು ಕೂರುತ್ತಾ ಹೋಗುತ್ತದಂತೆ.

"ತಲೆ ಮಲಗಿಸೋ ಮದ್ದು ಕರುಳನ್ನೂ ಮಲಗ್ಸುತ್ತೆ ತಾತ. ಎರಡೂ ಒಂದೇ ಕಾಯಿಲೆ. ಹಾಗಂತ ಇವತ್ತೇ ಪೂರ್ತಿ ನಿಲ್ಸಿದ್ರೆ ಫಿಟ್ಸ್ ಬರುತ್ತೆ. ಇಲ್ಲೇ ಇರ್ಲಿ, ನಿಧಾನಕ್ಕೆ ಇಳಿಸ್ತೀನಿ."

"ಮೊದಲಿನ ಹಾಗೆ ಆಗ್ತಾಳಾ?"

"ನೋಡೋಣ" ಎಂದಳು ಡಾಕ್ಟರಮ್ಮ.

ಅವನು ಅಲ್ಲೇ ನಂಟರ ಮನೆಯಲ್ಲಿ ಉಳಿದ. ಹಗಲೆಲ್ಲ ಮಂಚದ ಪಕ್ಕ ಕೂತಿರುತ್ತಿದ್ದ. ಮದ್ದು ಇಳಿದಂತೆ ಅವಳು ನಡುಗಿದಳು, ಬೆವರಿದಳು, ಅತ್ತಳು, ಬೈದಳು. ಬೈಗುಳ ಸ್ಪಷ್ಟವಾಗಿದ್ದದ್ದು ಕೇಳಿ ಅವನಿಗೆ ಸಮಾಧಾನವಾಯಿತು. ಒಂದು ಮಧ್ಯಾಹ್ನ ಅವಳ ಹೊಟ್ಟೆ ಗುಡುಗುಡು ಎಂದಿತು. ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡಿದರು. ಕಚ್ಕಿನ್‌ಬಾಯ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಏನ್ ಮುದುಕಪ್ಪಾ, ಹೊಟ್ಟೆ ಸದ್ದಿಗೆಲ್ಲ ಕಣ್ಣೀರಾ?" ಎಂದಳು ಅವಳು. "ಎಲ್ಲಿ ನನ್ ಚಾಕು? ಚೀಲದಲ್ಲಿ ಬಚ್ಚಿಟ್ಕೊಂಡಿದೀಯಲ್ಲ, ಕೊಡು. ಆ ಹಾಳು ಕಂಬಳಿ ಮತ್ತೆ ಕೊಯ್ಬೇಕು."

ಮನೆಗೆ ಬಂದ ದಿನ ಜಿಪಾರ್ ಚಹಾ ಕೊಟ್ಟಳು. ಮತ್ತೆ ಮತ್ತೆ ಹಾಕಲು ಅವಳಿಗೆ ಭಯ. ಬಟ್ಟಲಿನ ಅಂಚಿನವರೆಗೂ ತುಂಬಿ, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದಳು.

ಬುರುಲ್ಕಾನ್ ಬಟ್ಟಲು ನೋಡಿದಳು, ಸೊಸೆಯನ್ನು ನೋಡಿದಳು.

"ಯಾಕ್ ಮಗಳೇ, ಈಗ ತಾನೇ ಬಂದೆ. ಆಗ್ಲೇ ಎದ್ದು ಹೋಗು ಅಂತೀಯಾ?"

ಜಿಪಾರ್ ಅಲ್ಲೇ ಕುಸಿದು ಕೂತು ಅತ್ತಳು. ಎಲ್ಲವನ್ನೂ ಹೇಳಿಬಿಟ್ಟಳು. ಕಚ್ಕಿನ್‌ಬಾಯ್ ಕಿಟಕಿಯ ಕಡೆ ನೋಡುತ್ತಿದ್ದ. ಬುರುಲ್ಕಾನ್ ಕೇಳುವಷ್ಟು ಕೇಳಿ, ತನ್ನ ಚಹಾವನ್ನೆಲ್ಲ ಗಂಡನ ಬಟ್ಟಲಿಗೆ ಸುರಿದು, ಖಾಲಿ ಬಟ್ಟಲನ್ನು ಸೊಸೆಯ ಮುಂದೆ ಹಿಡಿದಳು.

"ಚಹಾ ಅಷ್ಟೇ ಹಾಕು. ಅರ್ಧ ಹಾಕು. ನಾನಿನ್ನೂ ಬಹಳ ಹೊತ್ತು ಕೂತ್ಕೋತೀನಿ."