ಕಂಬಿಗೆ ಕಟ್ಟಿದ ಕೆಂಪು ಬಟ್ಟೆ

ಆತನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದ ದಿನ. ನಮ್ಮವರು ತೀರಿಕೊಂಡ ಮೇಲೆ ಆಸ್ಪತ್ರೆಯ ಬೆಡ್‌ಶೀಟು ಒಗೆದುಕೊಡುವ ಕೆಲಸ ಹಿಡಿದಿದ್ದೆ. ಅಂದು ನಲವತ್ತು ಶೀಟು ಹಿಂಡಿ ತಂತಿಗೆ ಹಾಕಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ಬೀದಿಯಾಚೆಯ ಕಲ್ಲಿದ್ದಲು ಕರೆಂಟಿನ ಕಾರ್ಖಾನೆಯ ಚಿಮಣಿ ಕೆಮ್ಮಿತು. ಎಲ್ಲದರ ಮೇಲೂ ಕಪ್ಪು ಪುಡಿ. ಪಕ್ಕದ ಮನೆಯ ದರ್ಜಿ ಮಿಷನ್ ನಿಲ್ಲಿಸದೆಯೇ ಹೇಳಿದ:

"ಆಕಾಶಕ್ಕೆ ಬೈದ್ರೆ ಏನು ಬಂತು? ಬಾಯ್ಲರ್ ನೋಡ್ಕೊಳ್ಳೋನು ಒಬ್ಬ ಇದ್ದಾನೆ, ಬೆಂಕಿಯಣ್ಣ ಅಂತಾರೆ. ಅವನಿಗೆ ಬೈಯಿ."

ಹೊಲಸಾದ ಶೀಟೊಂದನ್ನು ಹೆಗಲಿಗೆ ಹಾಕಿಕೊಂಡು ಗೇಟಿಗೆ ಹೋದೆ. ಹೊರಬಂದವನು ಸಣಕಲ, ನನಗಿಂತ ಚಿಕ್ಕವನು. ಹುಬ್ಬು ಸುಟ್ಟುಹೋಗಿತ್ತು. ಉರಿಯನ್ನು ಇಣುಕಿ ನೋಡುವ ನೀಲಿ ಗಾಜು ಜೇಬಿನಲ್ಲಿತ್ತು. ನನ್ನ ಬೈಗುಳ ಮುಗಿಯುವವರೆಗೂ ನಿಂತು ಕೇಳಿದ.

"ಅಕ್ಕ, ಬಾಯ್ಲರ್ ಕೊಳವೆಗೆ ಮಸಿ ಕಟ್ಟುತ್ತೆ. ದಿನಕ್ಕೆರಡು ಸಲ ಹಬೆ ಬಿಟ್ಟು ಉದುರಿಸ್ಲೇಬೇಕು. ಮಾಡದೆ ಇರೋಕಾಗಲ್ಲ. ಆದ್ರೆ ಹೇಳಿ ಮಾಡ್ಬಹುದು."

ಮರುದಿನದಿಂದ, ಹಬೆ ಬಿಡುವ ಅರ್ಧ ಗಂಟೆ ಮೊದಲು, ನನ್ನ ಹಿತ್ತಲಿಗೆ ಕಾಣುವಂತೆ ಬಾಯ್ಲರ್ ಮೆಟ್ಟಿಲ ಕಂಬಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ನಾನು ಶೀಟುಗಳನ್ನು ಒಳಗೆಳೆದುಕೊಳ್ಳುತ್ತಿದ್ದೆ. ಹೀಗೆ ಮೂವತ್ತು ವರ್ಷ. ಮರೆತದ್ದು ಒಂದೇ ದಿನ, ಅವನ ಮಗಳು ಹುಟ್ಟಿದ ದಿನ. ಸಂಜೆ ತಾನೇ ಬಂದು ನನ್ನ ಜೊತೆ ಕೂತು ಮತ್ತೆ ಒಗೆದ. ಹಿಂಡಲು ಬಾರದು, ಕೋಳಿ ಕತ್ತು ಹಿಡಿದ ಹಾಗೆ ಹಿಡಿಯುತ್ತಿದ್ದ.

ಆ ಮಗಳೇ ಬೆಳೆದು ಸೋಲಾರ್ ಕಂಪನಿ ಸೇರಿದಳು. ಕಾರ್ಖಾನೆ ಮುಚ್ಚಿ, ಬೂದಿಗುಡ್ಡೆಯ ಜಾಗದಲ್ಲಿ ಸೋಲಾರ್ ಹಾಕಬೇಕೆಂಬ ಮಾತು ಎದ್ದಾಗ ಅಪ್ಪ ಮಗಳು ನನ್ನ ಹಿತ್ತಲಲ್ಲೇ ಕಚ್ಚಾಡಿದರು.

"ನಿನ್ನ ಸೂರ್ಯ ಆರು ಗಂಟೆಗೆ ಮನೆಗೆ ಹೋಗ್ತಾನೆ. ಮೋಡ ಬಂದ್ರೆ ರಜ. ಆಸ್ಪತ್ರೇಲಿ ಉಸಿರಾಡ್ಸೋ ಮಿಷನ್ನಿಗೆ ನಾಳೆ ಬಾ ಅಂತೀಯಾ?"

"ನಿನ್ನ ಕಲ್ಲಿದ್ದಲಿಗೆ ರಜ ಇಲ್ಲ, ಒಪ್ತೀನಿ. ನಿನ್ನ ಕೆಮ್ಮಿಗೂ ಇಲ್ಲವಲ್ಲಪ್ಪ."

ಆ ಮಾತು ಅವನಿಗೆ ನಾಟಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವಳು ಬಡಿಸುತ್ತಿದ್ದಳು, ಅವನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ತಿಂಗಳು ಕಳೆಯಿತು. ಊರ ಸಭೆಯಲ್ಲಿ ಕೆಲಸಗಾರರ ಪರ ಅವನು, ಕಂಪನಿಯ ಪರ ಅವಳು ಮಾತಾಡುವುದೆಂದು ಗೊತ್ತಾಯಿತು. ಗೆದ್ದವರು ಯಾರಾದರೇನು, ಆ ಮನೆ ಮುರಿಯುತ್ತದಲ್ಲ.

ಸಭೆಯ ಹಿಂದಿನ ದಿನ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿಕಳಿಸಿದೆ. ಬೆಡ್‌ಶೀಟು ಮಡಚಲು ಎರಡು ಜನ ಬೇಕು. ಒಂದು ತುದಿ ಅವನ ಕೈಗೆ ಕೊಟ್ಟೆ, ಇನ್ನೊಂದು ಅವಳಿಗೆ. ಮಡಚಬೇಕಾದರೆ ಹತ್ತಿರ ಬರಲೇಬೇಕು.

"ನಾನೂ ಬಿಸಿಲು ನಂಬಿ ಬದುಕಿದೋಳೇ. ಮಳೆ ಬಂತು ಅಂತ ಯಾವತ್ತಾದ್ರೂ ಆಸ್ಪತ್ರೆ ಮಂಚ ಬರಿದಾಗಿತ್ತಾ? ಒಂದು ಮಂಚಕ್ಕೆ ನಾಲ್ಕು ಶೀಟು. ಹಾಸಿಗೇಲಿ ಒಂದು, ಬಕೆಟ್ಟಲ್ಲಿ ಒಂದು, ತಂತಿ ಮೇಲೊಂದು, ಬೀರುವಲ್ಲಿ ಒಂದು. ಬೀರು ತುಂಬದೆ ನಾನು ಬಿಸಿಲನ್ನ ನಂಬಿದೋಳಲ್ಲ."

"ಅದಕ್ಕೇ ಅಲ್ವಾ ಅತ್ತೆ, ಬ್ಯಾಟರಿ ಇಡೋದು."

"ತುಂಬಿದ್ಯಾ ನಿಮ್ಮ ಬೀರು?" ಅಪ್ಪ ಕೇಳಿದ. ತಿಂಗಳ ಮೇಲೆ ಮೊದಲ ಮಾತು.

ಅವಳು ಶೀಟಿನ ಅಂಚು ಸರಿಮಾಡಿದಳು, ಸರಿಯಿದ್ದದ್ದನ್ನೇ ಮತ್ತೆ ಸರಿಮಾಡಿದಳು. "ಅರ್ಧದಷ್ಟು ಬ್ಯಾಟರಿಗೆ ಮಾತ್ರ ಹೊಂದಿಸಿದೀವಿ. ಉಳಿದದ್ದಕ್ಕೆ ಇನ್ನೆರಡು ವರ್ಷ ಬೇಕು."

"ಅದನ್ನ ನಾಳೆ ಹೇಳ್ತೀಯಾ?"

"ನೀನು ನಿನ್ನ ಕೆಮ್ಮಿನ ವಿಷ್ಯ ಹೇಳ್ತೀಯಾ?"

ಅವನು ತನ್ನ ತುದಿಯನ್ನು ಅವಳ ಕೈಗೆ ಸೇರಿಸಿದ. "ಹೇಳ್ತೀನಿ ಬಿಡು."

ಮರುದಿನ ಸಭೆಯಲ್ಲಿ ಇಬ್ಬರೂ ಹೇಳಿದರು. ಎರಡೂ ಕಡೆಯವರು ಗೊಣಗಿದರು, ಚಪ್ಪಾಳೆ ತಟ್ಟಿದ್ದು ದರ್ಜಿ ಒಬ್ಬನೇ. ಬ್ಯಾಟರಿಗಳು ಬಂದು ಸೇರಿದ ಹಾಗೆ ಒಂದೊಂದೇ ಬಾಯ್ಲರ್ ಆರಿಸುವುದು, ಕೆಲಸಗಾರರಿಗೆ ಸೋಲಾರ್ ಕೆಲಸ ಕಲಿಸುವುದು ಎಂದು ತೀರ್ಮಾನವಾಯಿತು.

ಕೊನೆಯ ಬಾಯ್ಲರ್ ಆರುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿದ್ದ, ನಾನು ಒಗೆದ ಶೀಟಿನ ಮೇಲೆ. ಮಗಳು ಔಷಧಿ ತರಲು ಹೊರಗೆ ಹೋದಾಗ ದಿಂಬಿನಡಿಯಿಂದ ಆ ಬಟ್ಟೆ ತೆಗೆದ. ಕೆಂಪು ಹೋಗಿ ಗುಲಾಬಿಯಾಗಿತ್ತು.

"ಅಕ್ಕ, ಮೋಡ ಮುಸುಕಿದ ದಿನ ಇದನ್ನ ನಿನ್ನ ತಂತಿಗೆ ಕಟ್ಟು. ಅವಳ ಆಫೀಸಿನ ಕಿಟಕಿಗೆ ಕಾಣೋ ಹಾಗೆ. ಬೀರು ನೋಡ್ಕೊ ಅಂತ ಅಪ್ಪ ಕೂಗ್ದ ಅಂದ್ಕೊಳ್ಲಿ. ಕಟ್ತೀಯಾ?"