ಮಾವನ ಹೆಸರಿನ ಪದ

ಮಾಪುಸೆಲೆಟ್ಸೊಳ ಬಾಯಿಗೆ ಬೀಗ ಹಾಕುವವರು ಮೊರೀಜಾ ಊರಲ್ಲಿ ಹುಟ್ಟಿಲ್ಲ. ಅವಳು ಸೊಪ್ಪು ಮಾರುವವಳ ಹತ್ತಿರ ಚೌಕಾಸಿಗೆ ನಿಂತರೆ ಚರ್ಚಿನವರೆಗೂ ಕೇಳಿಸುತ್ತದೆ. ಆ ಗಂಟಲೇ ಅವಳಿಗೆ ನಿಘಂಟಿನ ಕಚೇರಿಯಲ್ಲಿ ಕೆಲಸ ಕೊಡಿಸಿತು. ತಮ್ಮ ಸೊಥೊ ನುಡಿಯ ಪದಗಳನ್ನು ಅವಳು ಒಂದೊಂದಾಗಿ ಉಚ್ಚರಿಸಬೇಕು. ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಸಂಪಾದಕ ತೆಬೆಲೊ ಗುರುತು ಹಾಕಿಕೊಳ್ಳಬೇಕು. ಬೆಟ್ಟದ ಸೀಮೆಯ ಮಾತೇ ಬೇಕಿತ್ತು, ಅವಳು ಅಪ್ಪಟ ಬೆಟ್ಟದವಳು. ಮಾತಾಡಿದ್ದಕ್ಕೆ ಸಂಬಳ ಬೇರೆ! ಆ ಕೆಲಸವೆಂದರೆ ಅವಳಿಗೆ ಪಂಚಪ್ರಾಣ.

'ಫೆಕೊ' ಎಂಬ ಪದ ಬಂದ ದಿನ ಅವಳ ಬಾಯಿ ಕಟ್ಟಿತು. ಫೆಕೊ ಎಂದರೆ ಮದ್ದು. ಅವಳ ಮಾವನ ಹೆಸರೂ ಅದೇ. ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲ, ಆ ಪದವನ್ನು ಬೇರೆ ಅರ್ಥದಲ್ಲೂ ಆಡುವಂತಿಲ್ಲ. ಮದುವೆಯಾದಾಗಿನಿಂದ ಮದ್ದನ್ನು ಅವಳು 'ಗುಣ ಮಾಡೋದು' ಎಂದೇ ಕರೆಯುತ್ತಿದ್ದಳು. ಇಲ್ಲೂ ಹಾಗೇ ಅಂದಳು.

"ನೋಡಮ್ಮ, ನಿಘಂಟಿಗೆ ಮಾವ ಇಲ್ಲ," ಎಂದ ತೆಬೆಲೊ. "ನಾಳೆ ಹೇಳಿದ್ರೆ ಸರಿ. ಇಲ್ದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

"ನಿಮಗೇನಪ್ಪ, ನೀವು ಯಾರ ಮನೆ ಸೊಸೆಯೂ ಅಲ್ಲ!" ಎಂದು ಸಿಡುಕಿ ಅವಳು ಮನೆಗೆ ನಡೆದಳು.

ಸಂಜೆ ಮಾವನಿಗೆ ಜೋಳದ ಮುದ್ದೆ, ಸೊಪ್ಪು ಬಡಿಸಿ ತಲೆ ತಗ್ಗಿಸಿ ಕೂತಳು. ಮುದುಕ ಕಂಬಳಿ ಹೊದ್ದು ಉಣ್ಣುತ್ತಿದ್ದ.

"ಏನೇ, ಇವತ್ತು ಮನೇಲಿ ಸದ್ದೇ ಇಲ್ಲ?"

"ಅಪ್ಪಾ, ಕಚೇರೀಲಿ ಆ ಪದ ಬಂತು. ನಿಮ್ಮದು. ಹೇಳದಿದ್ರೆ ಕೆಲಸ ಹೋಗುತ್ತೆ."

ಮುದುಕ ಮುದ್ದೆ ಮುರಿದು ಸೊಪ್ಪಿಗೆ ಒತ್ತಿಕೊಂಡ. ಬೈಯುತ್ತಾನೆಂದೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದಳು.

"ನಿಮ್ಮತ್ತೆ ಸಾಯೋವರೆಗೂ ನನ್ನ ಹೆಸರು ಹೇಳಲಿಲ್ಲ," ಎಂದ ಅವನು. "ಹೆಸರು ಹಿಡಿದು ಕರೀತಿದ್ದ ಜೊತೆಗಾರರು ಒಬ್ಬೊಬ್ಬರಾಗಿ ಮಣ್ಣಾದ್ರು. ಈಗ ಊರಿಗೆಲ್ಲ ನಾನು ಬರೀ ತಾತ. ಹೇಳು."

"ಅಯ್ಯೋ, ನನ್ನ ಕೈಲಾಗಲ್ಲ ಅಪ್ಪಾ!"

"ಸಂತೇಲಿ ಆ ಗಂಟಲು ಎಲ್ಲಿಂದ ಬರುತ್ತೆ? ಅಲ್ಲಿ ಹೇಳೋಕೆ ಮುಂಚೆ ನನ್ನೆದುರಿಗೆ ಹೇಳು. ನಾನೇ ಹೇಳ್ತಿದೀನಲ್ಲ."

ಅವಳು ತಾನು ಹೊದ್ದ ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಪಿಸುದನಿಯಲ್ಲಿ ಅಂದಳು:

"ಫೆಕೊ."

ಮುದುಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಂಗಳದಿಂದ ಯಾರೋ ಆಟಕ್ಕೆ ಕರೆದರೇನೋ ಎಂಬಂತೆ ಅವನು ಥಟ್ಟನೆ ತಲೆಯೆತ್ತಿ ಓಗೊಟ್ಟ:

"ಓ!"